ಬಿಸಿಲೂರಿನವರು ಹಿಮ ನೋಡಲು ಹೋದದ್ದು

ನಮ್ಮ ಕಲಬುರಗಿಯ ಬಿಸಿಲು ಎಂಥದೆಂದು ಈ ಕಡೆಯ ಸೋದರಿಯರಿಗೆ ನಾನು ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ 43, 44 ಡಿಗ್ರಿ ಅಂದರೆ ಅದು ನಮಗೆ ಸುದ್ದಿಯೇ ಅಲ್ಲ. ಗಾಜಿಪುರದ ನಮ್ಮ ಓಣಿಯಲ್ಲಿ ಹನ್ನೊಂದಕ್ಕೆ ಹಾಕಿದ ಕದ ಮತ್ತೆ ತೆರೆಯುವುದು ಸಂಜೆ ಐದಕ್ಕೇ. ಯಾವ ಹೊತ್ತಿನಲ್ಲಿ ಹೊರಗೆ ಹೋಗಬಾರದು, ಬಿಸಿಲು ಬಡಿದವರಿಗೆ ಏನು ಕುಡಿಸಬೇಕು, ಮಾಳಿಗೆಯ ಮೇಲೆ ಯಾವಾಗ ನೀರು ಚಿಮುಕಿಸಬೇಕು ಎಂಬುದೆಲ್ಲ ತಾಯಿಯ ಹಾಲಿನ ಜೊತೆಗೇ ಬಂದ ವಿದ್ಯೆ. ಆದರೆ ಚಳಿಯ ವಿಷಯದಲ್ಲಿ ನಾವು ಶುದ್ಧ ಹೆಡ್ಡರು. ಡಿಸೆಂಬರಿನಲ್ಲಿ ಎರಡು ದಿನ ಗಾಳಿ ತಣ್ಣಗೆ ಬೀಸಿತೆಂದರೆ ಕಿವಿಗೆ ಮಫ್ಲರ್ ಸುತ್ತಿಕೊಂಡು, ಕಿಟಕಿ ಕದ ಜಡಿದುಕೊಂಡು, "ಏನ್ ಥಂಡಿ ಅದರೀ ಯವ್ವಾ" ಅನ್ನುವುದಷ್ಟೇ ನಮಗೆ ಗೊತ್ತಿರುವ ಚಳಿಗಾಲ.

ಇಂಥ ನಮಗೆ ಮನಾಲಿಯ ಹುಚ್ಚು ಹತ್ತಿಸಿದವನು ಏಳನೆಯ ಇಯತ್ತೆ ಓದುವ ನಮ್ಮ ಮಗ. ಅವನಿಗೆ ಹಿಮ ನೋಡಬೇಕಂತೆ. ನಮ್ಮವರು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವರು. ಹೊಸ ತೊಗರಿ ಮಿಲ್ಲಿಗೆ ಬರತೊಡಗಿದರೆ ಅವರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಅದಕ್ಕಿಂತ ಮುಂಚೆಯೇ ಹೋಗಿಬರೋಣವೆಂದು 2024ರ ಡಿಸೆಂಬರ್ 19ರಿಂದ ಹತ್ತು ದಿನ ರಜೆ ಹಾಕಿದರು. ಆ ವರ್ಷದ ಎಳ್ಳ ಅಮಾವಾಸ್ಯೆ 30ನೇ ತಾರೀಖಿಗೆ ಬಿದ್ದಿತ್ತು. "ಚರಗಕ್ಕ ಹೊಲಕ್ಕ ಹೋಗದೇ ಇದ್ದರ ನಾ ಬರಾಂಗಿಲ್ಲ. ಹಬ್ಬಕ್ಕ ಮನಿ ಮುಟ್ಟಬೇಕು" ಎಂಬ ಷರತ್ತಿನ ಮೇಲೆ ಅರವತ್ತೊಂಬತ್ತರ ನಮ್ಮ ಅತ್ತೆಯವರೂ ಹೊರಟರು. ಪಿಯುಸಿ ಮೊದಲ ವರ್ಷದ ಮಗಳನ್ನೂ ಸೇರಿಸಿ ನಾವು ಐದು ಮಂದಿ.

ನನ್ನ ಮೈದುನನಿಗೆ ಮಾತ್ರ ಮನಸ್ಸಿರಲಿಲ್ಲ. ಅದೇ ವರ್ಷ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಚಾರಣ ಹೋಗಿದ್ದ 22 ಜನರ ತಂಡ ಹಿಮದ ಬಿರುಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡಿದ್ದರಲ್ಲ, ತಂಡದಲ್ಲಿ ಬಹಳ ಜನ ನಮ್ಮ ಕರ್ನಾಟಕದವರೇ. "ಜೂನದಾಗೇ ಹಂಗಾದ್ರ ಡಿಸೆಂಬರದಾಗ ಹೆಂಗ?" ಎಂದು ಅವನ ಪ್ರಶ್ನೆ. ನನಗೂ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ನೆನಪಾದರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಯೋಧರ ಮೇಲೆ ಹಿಮ ಕುಸಿದುಬಿತ್ತು. ಅವರಲ್ಲಿ ಮೂವರು ಕನ್ನಡಿಗರು. ಆರು ದಿನದ ಮೇಲೆ ಹನುಮಂತಪ್ಪ ಒಬ್ಬರು ಉಸಿರಾಡುತ್ತ ಸಿಕ್ಕರು ಅಂದಾಗ ನಮ್ಮ ಅತ್ತೆಯವರು ಶರಣಬಸವೇಶ್ವರರಿಗೆ ತುಪ್ಪದ ದೀಪ ಹಚ್ಚಿದ್ದರು. 11ನೇ ತಾರೀಖು ಅವರೂ ಹೋದರೆಂದು ಟೀವಿಯಲ್ಲಿ ಬಂದಾಗ ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಇದನ್ನೆಲ್ಲ ಹೇಳಿದರೆ ನಮ್ಮವರು ನಕ್ಕುಬಿಟ್ಟರು. "ನಾವೇನ್ ಸಿಯಾಚಿನ್‌ಕ ಹೊಂಟೀವೇನು? ಮನಾಲಿಗಿ ಹೊಸಾ ಮದಿವಿ ಆದವರು ಹೋಗ್ತಾರ" ಎಂದರು.

ಬೆಳಗಿನ ಜಾವದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಉಂಡಿ, ಜೊತೆಗೆ ಒಂದು ಡಜನ್ ಕಮಲಾಪುರದ ಕೆಂಪು ಬಾಳೆಹಣ್ಣು. ದೆಹಲಿಯಿಂದ ಮನಾಲಿಗೆ ಇನ್ನೂ ಸುಮಾರು 530 ಕಿಲೋಮೀಟರು, ರಾತ್ರಿ ಬಸ್ಸು. ಬೆಳಗಾಗುವ ಹೊತ್ತಿಗೆ ಪಕ್ಕದಲ್ಲಿ ಬಿಯಾಸ್ ನದಿ, ಎರಡೂ ಕಡೆ ಕುತ್ತಿಗೆ ನೋಯುವಷ್ಟು ಎತ್ತರದ ಬೆಟ್ಟ. ಮನಾಲಿ ಇರುವುದು 6,700 ಅಡಿಯ ಮೇಲೆ. ಬಸ್ಸಿಳಿದಾಗ ಮೊದಲು ಅನಿಸಿದ್ದು ಚಳಿಯಲ್ಲ, ಯಾರೋ ಮೂಗಿಗೆ ಸೂಜಿ ಚುಚ್ಚಿದಂತಾಯಿತು. ಚೀಲ ಬಿಚ್ಚಿದರೆ ಕೊಬ್ಬರಿ ಎಣ್ಣೆ ಕಲ್ಲಾಗಿತ್ತು, ಉಳಿದಿದ್ದ ನಾಲ್ಕು ಕೆಂಪು ಬಾಳೆ ಮರುದಿನಕ್ಕೆ ಕಪ್ಪಾದವು. ಶೇಂಗಾ ಉಂಡಿಗೆ ಮಾತ್ರ ಏನೂ ಆಗಲಿಲ್ಲ ನೋಡಿ. ಆಮೇಲೆ ನಮ್ಮನ್ನು ಹಿಡಿದು ನಿಲ್ಲಿಸಿದ್ದೂ ಅದೇ.

ಮೊದಲೆರಡು ದಿನ ಸ್ವರ್ಗ. ದೇವದಾರು ಮರಗಳ ನಡುವಿನ ಹಿಡಿಂಬೆಯ ಗುಡಿ ಕಂಡೆವು. ಮರದ ಗುಡಿ, ಕಟ್ಟಿದ್ದು 1553ರಲ್ಲಿ. ನಮ್ಮ ಕಡೆ ಭೀಮನ ಹೆಂಡತಿ ಎಂದರೆ ರಾಕ್ಷಸಿ, ಅಲ್ಲಿ ಅವಳೇ ಊರ ದೇವಿ. ಹಳೆಯ ಮನೆಗಳಲ್ಲಿ ಕಲ್ಲು ಒಂದು ಸಾಲು, ಮರ ಒಂದು ಸಾಲು ಇಟ್ಟು ಗೋಡೆ ಕಟ್ಟಿ, ಕೆಳಗೆ ದನ, ಮೇಲೆ ಜನ. ದನದ ಮೈಶಾಖ ಮೇಲಕ್ಕೆ ಬರಲಿ ಎಂದು. ಕಿಟಕಿಗಳು ಚಿಕ್ಕವು. ಮನೆಯ ಮಧ್ಯೆ ಕಬ್ಬಿಣದ ಒಲೆ, ಅದನ್ನು ತಂದೂರ್ ಅನ್ನುತ್ತಾರೆ. ಅದಕ್ಕೊಂದು ಕೊಳವೆ ಜೋಡಿಸಿ ಮಾಳಿಗೆಯಿಂದಾಚೆಗೆ ಬಿಟ್ಟಿರುತ್ತಾರೆ. ನಾನು ಒಲೆಯನ್ನು ನೋಡಿದೆ, ಅದರ ಮೇಲೆ ಬೇಯುತ್ತಿದ್ದ ಸಿಡ್ಡುವನ್ನೂ ನೋಡಿದೆ (ಗೋದಿ ಹಿಟ್ಟು ಹುದುಗಿಸಿ, ಒಳಗೆ ಅಕ್ರೋಟು, ಗಸಗಸೆ ತುಂಬಿ ಹಬೆಯಲ್ಲಿ ಬೇಯಿಸಿ ತುಪ್ಪದ ಜೊತೆ ಕೊಡುತ್ತಾರೆ, ಥೇಟ್ ನಮ್ಮ ಕಡಬಿನ ಅಕ್ಕನ ಹಾಗೆ). ಆ ಕೊಳವೆ ಯಾಕಿದೆ ಎಂದು ಮಾತ್ರ ಯೋಚಿಸಲಿಲ್ಲ.

23ನೇ ತಾರೀಖು ಲಾಹೌಲ್ ಕಣಿವೆಯ ಸಿಸ್ಸುವಿಗೆ ಹೊರಟೆವು. ಮೊದಲು ಚಳಿಗಾಲ ಬಂತೆಂದರೆ ಲಾಹೌಲಿನವರಿಗೆ ಹೊರಜಗತ್ತೇ ಇರುತ್ತಿರಲಿಲ್ಲ. 13,000 ಅಡಿಯ ರೋಹ್ತಾಂಗ್ ಕಣಿವೆದಾರಿ ತಿಂಗಳುಗಟ್ಟಲೆ ಹಿಮದಡಿ ಮುಚ್ಚಿರುತ್ತಿತ್ತು. ಬಾಣಂತನ, ಬೇನೆ, ಸಾವು ಎಲ್ಲ ಒಳಗೇ. 2020ರ ಅಕ್ಟೋಬರ್ 3ರಂದು ಅಟಲ್ ಸುರಂಗ ತೆರೆದ ಮೇಲೆ, 9 ಕಿಲೋಮೀಟರಿನ ಆ ಸುರಂಗದೊಳಗೆ ಹತ್ತು ಹನ್ನೆರಡು ನಿಮಿಷದಲ್ಲಿ ಬೆಟ್ಟದ ಆಚೆ ಬದಿ ಮುಟ್ಟಬಹುದು. ಅನುಕೂಲವೇನೋ ಸರಿ, ಆದರೆ ಹಿಂದೆ ಆ ಕಾಲದಲ್ಲಿ ಆ ಎತ್ತರಕ್ಕೆ ಹೋಗಲಾಗದಿದ್ದ ನಮ್ಮಂಥವರೂ ಈಗ ಹೋಗುತ್ತೇವೆ.

ಟ್ಯಾಕ್ಸಿಯ ಡ್ರೈವರ್ ಇಪ್ಪತ್ತೈದರ ಆಸುಪಾಸಿನ ಹುಡುಗ. ನಮ್ಮ ಅತ್ತೆಯವರ "ನಕ್ಕೋ, ಹೌ" ಎಂಬ ಕಲಬುರಗಿ ಹಿಂದಿ ಕೇಳಿ ಬಿದ್ದು ಬಿದ್ದು ನಕ್ಕ. ದಾರಿಯಲ್ಲಿ ಬಾಡಿಗೆಯ ದಪ್ಪ ಅಂಗಿ, ಗಂಬೂಟು ಕೊಡಿಸಿದರು. ಸೀರೆಯ ಮೇಲೆ ಅದನ್ನೇರಿಸಿಕೊಂಡು ನಾನು ಹತ್ತಿ ತುಂಬಿದ ಚೀಲದಂತೆ ಕಂಡೆನೆಂದು ಮಗಳು ಫೋಟೋ ತೆಗೆದಳು. ಹುಡುಗ ನಿಧಾನವಾಗಿ ಗಾಡಿ ಓಡಿಸುತ್ತಿದ್ದ. ನಮ್ಮವರಿಗೆ ಬೇಸರ. "ರಸ್ತೆ ಒಣಗೇ ಅದಲ್ಲ?" ಎಂದರು. ಅವನು ಗಾಡಿ ನಿಲ್ಲಿಸಿ ನಮ್ಮವರನ್ನು ಇಳಿಸಿ ನಿಲ್ಲಿಸಿದ. ಎರಡು ಹೆಜ್ಜೆ ಹಾಕುವಷ್ಟರಲ್ಲಿ ನಮ್ಮವರು ಕುಂಡೆಯೂರಿ ಕೂತರು! ಬಿದ್ದ ಹಿಮ ಹಗಲಿನ ಬಿಸಿಲಿಗೆ ಕರಗಿ ರಸ್ತೆಯ ಮೇಲೆ ಹರಿದು, ರಾತ್ರಿ ಗಾಜಿನ ಹಾಳೆಯಂತೆ ಹೆಪ್ಪುಗಟ್ಟುತ್ತದೆ. ಕೆಳಗಿನ ಕರಿ ಡಾಂಬರು ಕಾಣುವುದರಿಂದ ನಮ್ಮ ಕಣ್ಣಿಗೆ ಅದು ಬರೀ ಒದ್ದೆ ರಸ್ತೆ. ಬೆಟ್ಟದ ನೆರಳಿನ ತಿರುವಿನಲ್ಲಿ, ಸೇತುವೆಯ ಮೇಲೆ ಅದು ಮಧ್ಯಾಹ್ನದವರೆಗೂ ಕರಗುವುದಿಲ್ಲ. ಅದರ ಮೇಲೆ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಹಾಗಾಗಿ ಮೊದಲನೆಯ ಗೇರಿನಲ್ಲಿಟ್ಟು ಎಂಜಿನ್ನಿನ ಹಿಡಿತದಲ್ಲೇ ಇಳಿಸಬೇಕಂತೆ. ಬೂಟಿನ ಮೇಲೆ ಹಳೆಯ ಉಣ್ಣೆಯ ಕಾಲುಚೀಲ ಏರಿಸಿದರೆ ಜಾರುವುದಿಲ್ಲವೆಂದು ಅತ್ತೆಯವರಿಗೆ ತನ್ನವೇ ಎರಡು ಕೊಟ್ಟ.

ಸಿಸ್ಸುವಿನಲ್ಲಿ ಚಂದ್ರಾ ನದಿಯ ದಂಡೆಯಲ್ಲಿ ಮಕ್ಕಳು ಹಿಮದಲ್ಲಿ ಹೊರಳಾಡಿದರು. ಮಧ್ಯಾಹ್ನ ಮೋಡ ಕವಿಯಿತು. ಹುಡುಗ ಎರಡು ಸಲ ಬಂದು "ಹೊರಡೋಣ" ಎಂದ. ಇನ್ನೊಂದು ಫೋಟೋ, ಇನ್ನೊಂದು ಚಹಾ ಎಂದು ತಡ ಮಾಡಿದವರು ನಾವು. ಈ ತಪ್ಪನ್ನು ಯಾರ ತಲೆಗೂ ಕಟ್ಟುವ ಹಾಗಿಲ್ಲ.

ಸುರಂಗದ ಈಚೆ ಬದಿಗೆ ಬಂದರೆ ಲೋಕವೇ ಬೇರೆ. ಹತ್ತಿ ಅರಳೆ ಹಿಂಜಿ ಎಸೆದ ಹಾಗೆ ಹಿಮ ಬೀಳುತ್ತಿತ್ತು. ಸದ್ದಿಲ್ಲ ನೋಡಿ, ಅದೇ ಮೋಸ. ಮಳೆಯಾದರೆ ಗುಡುಗುತ್ತದೆ, ಬಿರುಗಾಳಿಯಾದರೆ ತಗಡು ಹಾರುತ್ತದೆ. ಇದು ಬಾಯಿ ಮುಚ್ಚಿಕೊಂಡು ಬಿದ್ದು ಅರ್ಧ ಗಂಟೆಯಲ್ಲಿ ಚಕ್ರ ಮುಚ್ಚಿತು. ಮುಂದಿನ ಗಾಡಿಯೊಂದು ಎಣ್ಣೆ ಸವರಿದ ಹಂಚಿನ ಮೇಲೆ ದೋಸೆ ಜಾರುವ ಹಾಗೆ ಅಡ್ಡಡ್ಡ ಜಾರಿ ದಾರಿ ಕಟ್ಟಿತು. ಅದರ ಹಿಂದೆ ನಾವು, ನಮ್ಮ ಹಿಂದೆ ಕಣ್ಣು ಹರಿಯುವಷ್ಟು ದೂರ ಕೆಂಪು ದೀಪಗಳು. ಸೋಲಂಗ್‌ಗೂ ಸುರಂಗಕ್ಕೂ ನಡುವೆ ಆ ಸಂಜೆ ಸುಮಾರು ಸಾವಿರ ವಾಹನ ಸಿಕ್ಕಿಕೊಂಡಿದ್ದವೆಂದು ಆಮೇಲೆ ಪತ್ರಿಕೆಗಳಲ್ಲಿ ಬಂತು.

ಐದು ಗಂಟೆಗೇ ಕತ್ತಲು. ನಾನು ಮಾಡಿದ ಮೊದಲ ಕೆಲಸವೆಂದರೆ ಎಲ್ಲ ಗಾಜು ಏರಿಸಿ, ಹೀಟರು ಜೋರು ಮಾಡಿಸಿದ್ದು. ಹುಡುಗ ಒಪ್ಪಲಿಲ್ಲ. ಗಾಳಿ ಬೀಸದ ಕಡೆಯ ಗಾಜನ್ನು ಎರಡು ಬೆರಳು ಇಳಿಸಿದ. ಎಂಜಿನ್ ಹತ್ತು ನಿಮಿಷ ಓಡಿಸುವುದು, ಆಮೇಲೆ ಬಂದ್. ಪ್ರತಿ ಸಲ ಓಡಿಸುವ ಮುಂಚೆ ಸಲಿಕೆ ಹಿಡಿದು ಇಳಿದು ಹಿಂದಿನ ಹೊಗೆಕೊಳವೆಯ ಸುತ್ತಲಿನ ಹಿಮ ಎತ್ತಿ ಹಾಕುವುದು. ಕದ ತೆರೆದಾಗೆಲ್ಲ ಕೂಡಿಟ್ಟ ಬೆಚ್ಚನೆಯೆಲ್ಲ ಹೊರಗೆ. ನನಗೆ ಸಿಟ್ಟು ತಡೆಯಲಿಲ್ಲ. ಮುದುಕಿ ಇದ್ದಾಳೆ, ಮಕ್ಕಳಿದ್ದಾರೆ, ಡೀಸೆಲ್ ಉಳಿಸಲು ಹೀಗೆ ಮಾಡುತ್ತಾನೆಂದು ನಮ್ಮವರ ಕಿವಿಯಲ್ಲಿ ಗೊಣಗಿದೆ. ಮಗ ತೂಕಡಿಸಿದರೆ ಹುಡುಗ ಭುಜ ಅಲುಗಾಡಿಸಿ ಎಬ್ಬಿಸುತ್ತಿದ್ದ. ಕೊನೆಗೆ ನಾನು ಕೇಳಿಯೇಬಿಟ್ಟೆ. ಅವನು ಒಂದೇ ಮಾತು ಹೇಳಿದ, "ಆಂಟಿ, ಚಳಿಗೆ ಸಾಯಲು ರಾತ್ರಿಯಿಡೀ ಬೇಕು. ಈ ಹೊಗೆಗೆ ಒಂದು ತಾಸು ಸಾಕು." ನನಗೆ ಪೂರಾ ಅರ್ಥವಾಗಲಿಲ್ಲ. ಹೊಗೆಯೇ ಕಾಣುತ್ತಿಲ್ಲವಲ್ಲ ಎಂದುಕೊಂಡೆ.

ಶೇಂಗಾ ಉಂಡಿ ಹಂಚಿದೆ. ಪಕ್ಕದ ಗಾಡಿಯ ಪಂಜಾಬಿ ಮಕ್ಕಳಿಗೂ ಕೊಟ್ಟೆ. ಮೊಬೈಲುಗಳು ಚಳಿಗೆ ಒಂದೊಂದಾಗಿ ಸತ್ತವು. ರಾತ್ರಿ ಹತ್ತರ ಮೇಲೆ ಪೊಲೀಸರು ಮತ್ತು ಊರ ಹುಡುಗರು ಒಂದೊಂದೇ ಗಾಡಿಯನ್ನು ಕೈಯಿಂದ ತಳ್ಳಿ, ಚಕ್ರಕ್ಕೆ ಮಣ್ಣು ಹಾಕಿ ಇಳಿಸತೊಡಗಿದರು. ನಮ್ಮನ್ನು ಸರಪಳಿ ಸುತ್ತಿದ ಚಕ್ರದ ದೊಡ್ಡ ಗಾಡಿಯೊಂದಕ್ಕೆ ಹತ್ತಿಸಿದರು. ಆ ಹುಡುಗ ತನ್ನ ಟ್ಯಾಕ್ಸಿಯ ಹತ್ತಿರವೇ ಉಳಿದ. ಮನಾಲಿಯವರೆಗೆ ದಾರಿ ಇಲ್ಲದ್ದರಿಂದ ನಡುವೆ ಒಂದು ಚಿಕ್ಕ ವಸತಿಗೃಹದಲ್ಲಿ ಇಳಿದೆವು. ಹೊತ್ತು ಹನ್ನೆರಡು. ಕರೆಂಟಿಲ್ಲ.

ಅಲ್ಲಿ ಕೆಲಸಕ್ಕಿದ್ದವನೊಬ್ಬ ಪಾಪ, ನಮ್ಮ ನಡುಕ ನೋಡಲಾರದೆ, ನಿಗಿನಿಗಿ ಕೆಂಡದ ಶೆಗಡಿ ತಂದು ಕೋಣೆಯೊಳಗಿಟ್ಟ. ದೇವರೇ ಬಂದಂತಾಯಿತು. ನಾನು ಗೃಹಿಣಿ, ನನ್ನ ಬುದ್ಧಿ ಓಡಿದ್ದು ಒಂದೇ ಕಡೆ: ಬಿಸಿ ಹೊರಗೆ ಹೋಗಬಾರದು. ಕದದ ಕೆಳಗಿನ ಸಂದಿಗೆ ನನ್ನ ಒಂದು ಸೀರೆ ತುರುಕಿದೆ, ಕಿಟಕಿಯ ಸಂದಿಗೆ ನಮ್ಮವರ ಪಂಚೆ. ಐವರೂ ಒಂದೇ ಹಾಸಿಗೆಯಲ್ಲಿ ಒತ್ತಿಕೊಂಡು ಮಲಗಿದೆವು. ಆಹಾ, ಎಷ್ಟು ಸುಖದ ನಿದ್ದೆ ಬರತೊಡಗಿತ್ತೆಂದರೆ ಅದನ್ನು ನೆನೆದರೆ ಈಗ ಮೈ ಜುಮ್ಮೆನ್ನುತ್ತದೆ.

ಮಗಳು ತಲೆನೋವೆಂದಳು. ಅಮೃತಾಂಜನ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಅತ್ತೆಯವರೂ "ತಲಿ ಸಿಡಿಲಾಕತ್ತದ" ಎಂದರು. ನನಗೂ ಹಣೆ ಬಿಗಿದಿತ್ತು. ಎತ್ತರದ ಜಾಗ, ಹೊಟ್ಟೆಗಿಲ್ಲ, ದಣಿವು ಎಂದುಕೊಂಡೆ. ಒಂದೇ ಕೋಣೆಯಲ್ಲಿ ಮೂವರಿಗೆ ಒಟ್ಟಿಗೆ ತಲೆನೋವು ಬಂದರೆ ಅದು ತಲೆಯ ದೋಷವಲ್ಲ, ಕೋಣೆಯ ದೋಷ ಎಂದು ನನಗೆ ಯಾರು ಹೇಳಬೇಕು? ಮಗಳು ವಾಂತಿ ಮಾಡಿಕೊಂಡಳು. ನಾನು ಏಳಬೇಕೆಂದರೆ ಕಾಲು ನನ್ನದಲ್ಲ. ನಮ್ಮವರನ್ನೂ ಮಗನನ್ನೂ ಅಲುಗಿಸಿದರೆ "ಹೂಂ" ಎನ್ನುತ್ತಾರೆ, ಕಣ್ಣು ಬಿಡುವುದಿಲ್ಲ.

ಉಳಿಸಿದ್ದು ಅತ್ತೆಯವರ ಮುಪ್ಪು. ರಾತ್ರಿ ಎರಡು ಸಲ ಅವರು ಬಚ್ಚಲಿಗೆ ಏಳಲೇಬೇಕು. ಗೋಡೆ ಹಿಡಿದು ಹೋಗಿ ಅಗುಳಿ ತೆಗೆದರು, ಕದದ ಜೊತೆಗೇ ಹೊರಗಿನ ಓಣಿಗೆ ದೊಪ್ಪೆಂದು ಬಿದ್ದರು. ಆ ಸದ್ದಿಗೆ ಕೆಳಗಿನಿಂದ ಮನೆಯೊಡತಿ ಓಡಿ ಬಂದಳು. ಒಳಗೆ ಒಂದು ಸಲ ಇಣುಕಿ ಅವಳು ಚೀರಿದ ಚೀರು ಇನ್ನೂ ನನ್ನ ಕಿವಿಯಲ್ಲಿದೆ. ಶೆಗಡಿ ಎತ್ತಿ ಹಿಮದ ಮೇಲೆ ಬೋರಲು ಹಾಕಿದಳು. ಕಿಟಕಿ ಒದ್ದು ತೆರೆದಳು. ನಮ್ಮನ್ನೆಲ್ಲ ಎಳೆದು ಹೊರಗೆ ಕೂಡಿಸಿ, ಕಂಬಳಿ ಹೊದಿಸಿ, ಮಗನ ಕೆನ್ನೆಗೆ ಪಟಪಟ ಹೊಡೆದು ಎಬ್ಬಿಸಿದಳು. ಅವನು ಅತ್ತ. ಮಗ ಅತ್ತದ್ದಕ್ಕೆ ನಾನು ಅಷ್ಟು ಸಂತೋಷಪಟ್ಟದ್ದು ಅವನು ಹುಟ್ಟಿದ ದಿನ ಬಿಟ್ಟರೆ ಅದೇ.

ಮರುದಿನ ಮನಾಲಿಯ ಡಾಕ್ಟರು ಬಿಡಿಸಿ ಹೇಳಿದರು. ಇದ್ದಲಿ, ಕಟ್ಟಿಗೆ, ಗ್ಯಾಸು, ಡೀಸೆಲ್ ಯಾವುದೇ ಇರಲಿ, ಗಾಳಿ ಸಾಲದೆ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ನಾವು ಹೊಗೆಗೆ ಹೆದರುತ್ತೇವೆ, ಕೆಂಡಕ್ಕೆ ಹೆದರುವುದಿಲ್ಲ. ಆದರೆ ಹೊಗೆಯಾಡದ ಕೆಂಪು ಕೆಂಡದಲ್ಲೇ ಅದು ಧಾರಾಳ. ಉಸಿರಿನಲ್ಲಿ ಒಳಗೆ ಹೋಗಿ, ರಕ್ತದಲ್ಲಿ ಆಮ್ಲಜನಕ ಕೂಡಬೇಕಾದ ಜಾಗದಲ್ಲಿ ತಾನು ಗಟ್ಟಿಯಾಗಿ ಕೂತುಬಿಡುತ್ತದೆ. ಮೊದಲು ತಲೆನೋವು, ಓಕರಿಕೆ, ಕೈಕಾಲು ಸೋಲುವುದು, ಆಮೇಲೆ ನಿದ್ದೆ. ಮಲಗಿದವರಿಗೆ ಆ ತಲೆನೋವೂ ತಿಳಿಯುವುದಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಮನ್ ಎಂಬಲ್ಲಿ ಕೇರಳದ 8 ಪ್ರವಾಸಿಗರು, ಅವರಲ್ಲಿ 4 ಮಕ್ಕಳು, ಗ್ಯಾಸ್ ಹೀಟರ್ ಹಚ್ಚಿ ಕದ ಕಿಟಕಿ ಭದ್ರ ಮಾಡಿ ಮಲಗಿದವರು ಮತ್ತೆ ಏಳಲಿಲ್ಲ. ಅವರೂ ನಮ್ಮ ಹಾಗೆ ಬಿಸಿಲ ಸೀಮೆಯವರು. 2022ರ ಜನವರಿಯಲ್ಲಿ ಪಾಕಿಸ್ತಾನದ ಮುರ್ರೀ ಗಿರಿಧಾಮದ ದಾರಿಯಲ್ಲಿ ಹಿಮದಲ್ಲಿ ಸಿಕ್ಕ ಕಾರುಗಳೊಳಗೆ 20ಕ್ಕೂ ಹೆಚ್ಚು ಜನ ಸತ್ತರು. ಹಿಮ ಹೊಗೆಕೊಳವೆಯನ್ನು ಮುಚ್ಚಿದರೆ ಆ ಅನಿಲ ಗಾಡಿಯೊಳಗೇ ತಿರುಗಿ ಬರುತ್ತದೆ. ಆಗ ನನಗೆ ಆ ಡ್ರೈವರ್ ಹುಡುಗನ ಸಲಿಕೆಯ ಅರ್ಥ ತಿಳಿಯಿತು. ಅವನಿಗೆ ಫೋನ್ ಮಾಡಿ ಕ್ಷಮೆ ಕೇಳೋಣವೆಂದರೆ ಹೇಳಲು ಮಾತು ಬರಲಿಲ್ಲ. "ಮನಿ ಕಡೆ ಬಾರಪ್ಪಾ, ರೊಟ್ಟಿ ಮಾಡಿ ಹಾಕ್ತೀನಿ" ಎಂದೆ. ಅವನಿಗೆ ಕನ್ನಡ ತಿಳಿಯುವುದಿಲ್ಲವೆಂಬುದೇ ಮರೆತಿತ್ತು.

ಡಾಕ್ಟರು ಮಾತಾಡುತ್ತಿದ್ದಾಗ ಅತ್ತೆಯವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರಿಗೂ ನೆನಪಾದದ್ದು ಹಿಮವಲ್ಲ, ನಮ್ಮ ಬಾಣಂತಿ ಕೋಣೆ. ಮಗಳನ್ನು ಹೆತ್ತಾಗ ಆಳಂದದ ತವರಿನಲ್ಲಿ ನನಗೂ ಹೊರಸಿನ ಕೆಳಗೆ ಕೆಂಡದ ಶೆಗಡಿ ಇಟ್ಟು, ಗಾಳಿ ಸೋಕಬಾರದೆಂದು ಕಿಟಕಿಗೆ ಕಂಬಳಿ ಬಡಿದು ಕಾಸಿದ್ದರು. ಆಗಲೂ ತಲೆ ಸಿಡಿಯುತ್ತಿತ್ತು. ಮೈಯೆರೆದ ನೀರು ತಲೆಯಲ್ಲಿ ಇಳಿದಿದೆ ಎಂದಿದ್ದರು. ನಮ್ಮಜ್ಜಿ ಮಾತ್ರ ಬಂದಾಗೆಲ್ಲ ಕದ ಓರೆ ಮಾಡಿ ಹೋಗುತ್ತಿದ್ದಳು. ಯಾಕೆಂದು ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

28ಕ್ಕೆ ಊರು ಮುಟ್ಟಿದೆವು. ನಾದಿನಿಯ ಮಗಳು ಆ ತಿಂಗಳೇ ಹೆತ್ತಿದ್ದಳು. ಮರುದಿನವೇ ಕೂಸು ನೋಡಲು ಹೋದೆವು. ಕದ ಸರಿಸಿದರೆ ಕತ್ತಲೆ, ಲೋಬಾನದ ವಾಸನೆ, ಕಿಟಕಿಗೆ ಮೊಳೆ ಹೊಡೆದ ಕಂಬಳಿ, ಹೊರಸಿನ ಕೆಳಗೆ ಕೆಂಪಗೆ ಶೆಗಡಿ. ಹುಡುಗಿ ಹಣೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. "ಎರಡ್ ದಿನದಿಂದ ತಲಿ ಬಾಳ ನೋಯ್ಲಾಕತ್ತದ ಅತ್ತಿ" ಎಂದಳು. ನಾನು ಸೆರಗಿನಿಂದ ಶೆಗಡಿ ಹಿಡಿದು ಅಂಗಳಕ್ಕೆ ಒಯ್ದೆ.

ನಾದಿನಿಯ ಅತ್ತೆ ಮನೆ ಮೇಲೆ ಕೆಳಗೆ ಮಾಡಿಬಿಟ್ಟರು. ಬಾಣಂತಿಗೆ ಶೀತ ಹತ್ತಿದರೆ ಯಾರು ಹೊಣೆ, ಕೂಸಿಗೆ ಏನಾದರೂ ಆದರೆ ಯಾರು ಹೊಣೆ? "ನಾವೆಲ್ಲಾ ಹಿಂಗೇ ಹಡದೀವಿ, ಒಂದ್ ಸಲ ಥಂಡಿ ಊರಿಗಿ ಹೋಗಿ ಬಂದು ನಮಗ ಶಾಣ್ಯಾತನ ಹೇಳ್ಲಾಕ ಬಂದಾಳ" ಎಂದರು. ನಾನು ಡಾಕ್ಟರ ಮಾತು, ಅನಿಲದ ಹೆಸರು ಎಲ್ಲ ಹೇಳಿದೆ. ಒಂದೂ ನಾಟಲಿಲ್ಲ. ಅತ್ತೆಯವರು ಅಷ್ಟು ಹೊತ್ತು ಸುಮ್ಮನೆ ಹೊರಸಿನ ತುದಿಯಲ್ಲಿ ಕೂಸಿನ ಕಾಲು ಸವರುತ್ತ ಕೂತಿದ್ದವರು ಎದ್ದರು. ಬಿದ್ದ ದಿನ ನೀಲಿಗಟ್ಟಿದ್ದ ಮೊಣಕೈ ಸೆರಗು ಸರಿಸಿ ಆ ಹೆಂಗಸಿಗೆ ತೋರಿಸಿದರು. "ನಾ ಏಳಲಿಲ್ಲಂದ್ರ ಐದು ಹೆಣ ಬರ್ತಿದ್ದವು ತಂಗಿ" ಎಂದಷ್ಟೇ ಹೇಳಿ, ಕಿಟಕಿಯ ಕಂಬಳಿಯ ಮೊಳೆಯನ್ನು ಕೈಯಿಂದಲೇ ಕೀಳತೊಡಗಿದರು.

ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ಕಡಬು, ಭಜ್ಜಿ ಪಲ್ಯ ಕಟ್ಟಿಕೊಂಡು ಸಂಜೆ ಅವರ ಮನೆಗೆ ಕೊಡಲು ಹೋದೆ. ಹಿರಿಯಾಕೆ ನನ್ನ ಜೊತೆ ಮಾತಾಡಲಿಲ್ಲ. ಆದರೆ ಶೆಗಡಿ ಅಂಗಳದಲ್ಲಿತ್ತು, ಅದರ ಮೇಲೆ ಬುಟ್ಟಿ ಬೋರಲು ಹಾಕಿ ಕೂಸಿನ ಬಟ್ಟೆ ಕಾಸುತ್ತಿದ್ದರು. ಬೆಚ್ಚಗಾದ ಬಟ್ಟೆ ಮಾತ್ರ ಒಳಗೆ ಹೋಗುತ್ತಿತ್ತು. ಕೋಣೆಯ ಕಿಟಕಿ ನಾಲ್ಕು ಬೆರಳು ತೆರೆದಿತ್ತು, ಮುಚ್ಚಿಹೋಗದಂತೆ ಸಂದಿಗೆ ಯಾರೋ ಲಟ್ಟಣಿಗೆ ಸಿಕ್ಕಿಸಿದ್ದರು.